ವ್ಯಕ್ತಿನಾಮ: ಅರ್ಥಕ್ಕಿಂತ ಮೊದಲು ಕಾರಣ

ಕನ್ನಡದಲ್ಲಿ ನಾಮವಿಜ್ಞಾನವು ಬೆಳೆದು ಬಂದ ಬಗೆಯನ್ನು ಗಮನಿಸಿದರೆ ಸ್ಥಳನಾಮಗಳಿಗೆ ದೊರೆತ ಮನ್ನಣೆ ವ್ಯಕ್ತಿನಾಮಗಳಿಗೆ ದೊರೆತಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಶಂಬಾ ಜೋಶಿಯವರ ‘ಎಡೆಗಳು ಹೇಳುವ ಕಂನಾಡ ಕಥೆ’ಯಿಂದ ಎಂ.ಎಂ. ಕಲಬುರ್ಗಿಯವರ ಬರಹಗಳವರೆಗೆ ಊರಿನ ಹೆಸರುಗಳು ನಾಡಿನ ಚರಿತ್ರೆಗೆ ಆಕರಗಳಾದ ಪರಿ ನಮ್ಮ ಕಣ್ಣ ಮುಂದಿದೆ. ವ್ಯಕ್ತಿನಾಮಗಳ ಬಗೆಗೂ ಲೇಖನ, ಪ್ರಬಂಧಗಳು ಬಂದಿಲ್ಲವೆಂದಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಹೆಸರುಗಳನ್ನು ಪಟ್ಟಿಮಾಡಿ, ನಿಷ್ಪತ್ತಿ ಹೇಳಿ, ದೇವತಾವಾಚಕ, ವೃತ್ತಿವಾಚಕ, ಗುಣವಾಚಕ ಎಂದು ವಿಂಗಡಿಸುವಲ್ಲಿಗೆ ಮುಗಿಯುತ್ತವೆ. ಹೆಸರಿನ ಅರ್ಥ ನಿಘಂಟಿನಲ್ಲಿ ಸಿಗುತ್ತದೆ. ಹೆಸರಿಟ್ಟ ಕಾರಣ ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ನಿಘಂಟು ನಾಳೆಯೂ ಇರುತ್ತದೆ, ಆ ನೆನಪು ಇರುವುದಿಲ್ಲ. ಆದ್ದರಿಂದ ಕನ್ನಡ ವಿಭಾಗಗಳು ಹೆಸರಿನ ಅರ್ಥಕ್ಕಿಂತ ಮೊದಲು ಅದರ ಕಾರಣವನ್ನು ಸಂಗ್ರಹಿಸಬೇಕೆಂಬುದು ಪ್ರಸ್ತುತ ಲೇಖನದ ಆಶಯ.

ಈ ವಾದಕ್ಕೆ ಕೊಪ್ಪಳ ಮತ್ತು ಅದಕ್ಕೆ ಹೊಂದಿಕೊಂಡಿರುವ ಭಾಗ್ಯನಗರದ ಪರಿಸರವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಯಾಗಿ ಗುರುತಿಸಿದ ಕೊಪಣ ಇದೇ. ಇಲ್ಲಿನ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಅಶೋಕನು ತನ್ನ ಶಾಸನಗಳಲ್ಲಿ ಸಾಮಾನ್ಯವಾಗಿ ‘ದೇವಾನಾಂಪ್ರಿಯ’ನೆಂದೇ ಕರೆದುಕೊಳ್ಳುತ್ತಾನೆ, ಅವನ ಅಂಕಿತನಾಮವನ್ನು ಮೊದಲಿಗೆ ಬೆಳಕಿಗೆ ತಂದದ್ದು ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನ. ಬಿರುದಿನ ಹಿಂದಿದ್ದ ಒಂದು ಹೆಸರು ದೊರೆತೊಡನೆ ಭಾರತದ ಚರಿತ್ರೆಯ ಒಂದು ದೊಡ್ಡ ತೊಡಕು ಬಿಡಿಸಿಕೊಂಡಿತು. ಅರಸನ ಹೆಸರಿಗೆ ಇರುವ ಈ ಬೆಲೆ ನೇಕಾರನ, ಒಕ್ಕಲಿಗನ, ಕೂಲಿಯವಳ ಹೆಸರಿಗೂ ಇದೆಯೆಂದು ಒಪ್ಪುವುದರಿಂದಲೇ ಸಮಾಜದ ಚರಿತ್ರೆ ಆರಂಭವಾಗುತ್ತದೆ.

ಈ ಭಾಗದಲ್ಲಿ ಕೇಳಿಬರುವ ಕೆಲವು ಹೆಸರುಗಳನ್ನು ನೋಡೋಣ. ಗವಿಸಿದ್ಧಪ್ಪ ಎಂಬುದು ಕೊಪ್ಪಳದ ಗವಿಮಠದಿಂದ ಬಂದದ್ದು. ಹುಲಿಗೆಮ್ಮ ತುಂಗಭದ್ರೆಯ ದಡದ ಹುಲಿಗಿಯ ದೇವತೆ. ಕನಕಾಚಲಪ್ಪನದು ಕನಕಗಿರಿ, ವಿರೂಪಾಕ್ಷಪ್ಪನದು ಹಂಪಿ, ಕಳಕಪ್ಪನದು ಗಜೇಂದ್ರಗಡದ ಕಾಲಕಾಲೇಶ್ವರ, ಅಮರೇಶನದು ಗುರುಗುಂಟ. ಫಕೀರಪ್ಪನ ಹಿಂದೆ ಶಿರಹಟ್ಟಿಯ ಫಕೀರೇಶ್ವರ ಮಠವಿದೆ. ಯಮನೂರಪ್ಪ ಮತ್ತು ಯಮನೂರಸಾಬ ಇಬ್ಬರೂ ನವಲಗುಂದ ತಾಲೂಕಿನ ಯಮನೂರಿನಲ್ಲಿ ಚಾಂಗದೇವನೆಂದೂ ರಾಜಾಬಾಗ ಸವಾರನೆಂದೂ ಪೂಜೆಗೊಳ್ಳುವ ಒಬ್ಬನೇ ಸಂತನ ಹೆಸರನ್ನು ಹೊತ್ತವರು. ಮೊಹರಂಗೆ ಹೆಸರಾದ ಮುದಗಲ್ಲಿನ ಸುತ್ತಿನಲ್ಲಿ ಹುಸೇನಪ್ಪನು ಹಿಂದೂ ಮನೆಯಲ್ಲಿಯೂ ಹುಟ್ಟುತ್ತಾನೆ. ಈ ಹೆಸರುಗಳನ್ನೆಲ್ಲ ‘ದೇವತಾವಾಚಕ’ ಎಂಬ ಒಂದೇ ತಲೆಬರಹದಡಿ ಸೇರಿಸಿದರೆ ವರ್ಗೀಕರಣವೇನೋ ಸರಿಯಾಗುತ್ತದೆ. ಆದರೆ ಅವು ಹೇಳುವ ಮಾತು ಕೇಳದೆ ಹೋಗುತ್ತದೆ. ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿರುವ ಹೆಸರುಗಳನ್ನು ನಕಾಶೆಯ ಮೇಲೆ ಗುರುತಿಸಿದರೆ, ಆ ಊರಿನ ಜನ ಯಾವ ಜಾತ್ರೆಗೆ ನಡೆದರು, ಯಾವ ಊರಿನಿಂದ ಸೊಸೆ ತಂದರು, ಯಾವ ದರ್ಗಾಕ್ಕೆ ಹರಕೆ ಹೊತ್ತರು ಎಂಬುದರ ಸುಳಿವು ದೊರೆಯುತ್ತದೆ. ನೇಕಾರಿಕೆಯ ಊರಾದ ಭಾಗ್ಯನಗರದಲ್ಲಿ ಈ ಕೆಲಸ ಇನ್ನೂ ಫಲಕಾರಿಯಾಗಬಲ್ಲದು. ಉತ್ತರ ಕರ್ನಾಟಕದ ಹಲವು ನೇಕಾರ ಮನೆತನಗಳಿಗೆ ಬಾದಾಮಿಯ ಬನಶಂಕರಿ ಮನೆದೇವತೆ. ಅಂಥ ಮನೆಯ ಬನಪ್ಪ ಮತ್ತು ಅವನ ನೆರೆಯ ಗವಿಸಿದ್ಧಪ್ಪ ಒಂದೇ ಬೀದಿಯವರಾದರೂ ಅವರ ಹೆಸರುಗಳು ಬೇರೆ ಬೇರೆ ದಿಕ್ಕಿಗೆ ಮುಖಮಾಡಿವೆ.

ಹೊರನಾಡಿನ ಒಂದು ಪದ್ಧತಿಯನ್ನು ಇಲ್ಲಿ ಹೋಲಿಕೆಗೆ ತರುವುದು ಉಪಯುಕ್ತ. ಸ್ವೀಡನ್ನಿನಲ್ಲಿ ವರ್ಷದ ಹೆಚ್ಚಿನ ದಿನಗಳಿಗೆ ವ್ಯಕ್ತಿನಾಮಗಳನ್ನು ಗೊತ್ತುಪಡಿಸಿದ ಪಂಚಾಂಗವಿದೆ. ಮೇ 18 ಎರಿಕ್‌ ಎಂಬ ಹೆಸರಿನವರ ದಿನ, ಡಿಸೆಂಬರ್‌ 13 ಲೂಸಿಯಾ ಎಂಬ ಹೆಸರಿನವರದು. ಕ್ರೈಸ್ತ ಸಂತರ ಸ್ಮರಣೆಯ ದಿನಗಳಿಂದ ಹುಟ್ಟಿದ ಈ ಪದ್ಧತಿ ಕಾಲಕ್ರಮದಲ್ಲಿ ಲೌಕಿಕವಾಯಿತು. ಅಲ್ಲಿನ ರಾಜ ವಿಜ್ಞಾನ ಅಕಾಡೆಮಿಗೆ 1972ರವರೆಗೆ ಪಂಚಾಂಗ ಪ್ರಕಟಣೆಯ ಏಕಸ್ವಾಮ್ಯವಿತ್ತು. 1901ರಲ್ಲಿ ಪಟ್ಟಿಯನ್ನು ವ್ಯಾಪಕವಾಗಿ ತಿದ್ದಲಾಯಿತು. ಮುಂದೆ 1986, 1993 ಮತ್ತು 2001ರಲ್ಲಿ ಹೊಸ ಪಟ್ಟಿಗಳು ಬಂದವು. ಯಾವ ಹೆಸರು ಬಳಕೆಯಲ್ಲಿದೆ, ಯಾವುದು ಮರೆಯಾಗಿದೆ, ಯಾವುದಕ್ಕೆ ಒಂದು ದಿನ ಸಲ್ಲಬೇಕು ಎಂಬ ಚರ್ಚೆ ಅಲ್ಲಿ ಸಾರ್ವಜನಿಕ ವಿಷಯವಾಗಿದೆ. ಹೊರಗಿನಿಂದ ಬಂದು ನೆಲೆಸಿದವರ ಎಷ್ಟೋ ಹೆಸರುಗಳಿಗೆ ಆ ಪಟ್ಟಿಯಲ್ಲಿ ದಿನವಿಲ್ಲ ಎಂಬುದೂ ಅಷ್ಟೇ ನಿಜ.

ನಮ್ಮ ಪಂಚಾಂಗದಲ್ಲಿ ದೇವರಿಗೆ ದಿನವಿದೆ, ಮನುಷ್ಯರ ಹೆಸರಿಗಿಲ್ಲ. ಆದರೆ ಪುಷ್ಯ ಬಹುಳ ಬಿದಿಗೆಯಂದು ಗವಿಸಿದ್ಧೇಶ್ವರನ ತೇರು ಎಳೆಯುವಾಗ ಆ ಹೆಸರು ಹೊತ್ತ ಮನುಷ್ಯನಿಗೂ ಆ ದಿನದಲ್ಲಿ ಒಂದು ಪಾಲಿದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಹೆಸರು ತಿಥಿಗೆ ಕಟ್ಟಿಕೊಂಡಿದೆ, ಇಲ್ಲಿ ಸ್ಥಳಕ್ಕೆ ಕಟ್ಟಿಕೊಂಡಿದೆ. ಹೀಗಾಗಿ ಅಲ್ಲಿ ಒಂದು ಸಮಿತಿ ಕುಳಿತು ಪಟ್ಟಿ ಸಿದ್ಧಪಡಿಸಬಹುದು; ಇಲ್ಲಿ ಮನೆ ಮನೆಗೆ ಹೋಗಿ ಕೇಳಬೇಕಾಗುತ್ತದೆ.

ಕೇಳದಿದ್ದರೆ ಎಂಥ ತಪ್ಪಾಗಬಹುದೆಂಬುದಕ್ಕೆ ತಿಪ್ಪಣ್ಣ ಎಂಬ ಹೆಸರು ಉತ್ತಮ ಉದಾಹರಣೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ಸಾವಿನ ಕಣ್ಣಿಗೆ ಬೇಡವಾಗಲೆಂದು ತಿಪ್ಪಣ್ಣ, ತಿಪ್ಪವ್ವ ಎಂದು ಕರೆಯುವ ವಾಡಿಕೆಯಿತ್ತು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತರ ಮನೆಯಲ್ಲಿಯೂ ಇದೇ ಹೆಸರು ಇರಬಹುದು. ಶಬ್ದ ಒಂದೇ, ನಿಷ್ಪತ್ತಿಯೂ ಒಂದೇ. ಕಾರಣ ಮಾತ್ರ ಒಂದು ಕಡೆ ಪುತ್ರಶೋಕ, ಇನ್ನೊಂದು ಕಡೆ ಭಕ್ತಿ. ಸಾಕವ್ವ ಎಂಬ ಹೆಸರಿನಲ್ಲಿ ‘ಹೆಣ್ಣು ಹುಟ್ಟಿದ್ದು ಸಾಕು’ ಎಂಬ ಬೇಸರವಿದೆಯೋ, ‘ಈ ಕೂಸನ್ನಾದರೂ ಸಾಕುವಂತಾಗಲಿ’ ಎಂಬ ಬೇಡಿಕೆಯಿದೆಯೋ? ಕನಕಪ್ಪನು ಕನಕಾಚಲಪತಿಯ ಒಕ್ಕಲೋ, ಕನಕದಾಸರ ಅಭಿಮಾನಿಯ ಮಗನೋ? ವ್ಯಾಕರಣವು ಇವುಗಳಿಗೆ ಉತ್ತರ ಹೇಳಲಾರದು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ‘ಕುರ್ರ್‌’ ಎಂದು ಹೆಸರು ಕರೆದ ಸೋದರತ್ತೆ ಹೇಳಬಲ್ಲಳು.

ಈಗ ಅವಸರವೇಕೆಂಬ ಪ್ರಶ್ನೆ ಸಹಜ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ದಾಖಲೆಯ ಭಾಷೆ ಹೆಸರುಗಳನ್ನು ಒಳಗಿನಿಂದಲೇ ಬದಲಿಸುತ್ತಿರುವುದು. ಮಾತಿನಲ್ಲಿ ಹುಲಿಗೆವ್ವ, ನೀಲವ್ವ, ಗಂಗವ್ವ ಆಗಿರುವವರು ಕಾಗದದಲ್ಲಿ ಹುಲಿಗೆಮ್ಮ, ನೀಲಮ್ಮ, ಗಂಗಮ್ಮ ಆಗುತ್ತಾರೆ. ಇದು ಕೇವಲ ಶಿಷ್ಟೀಕರಣವೆಂದು ಕಡೆಗಣಿಸುವಂತಿಲ್ಲ. ಅತ್ತಿಮಬ್ಬೆಯ ‘ಅಬ್ಬೆ’, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆಯ ‘ಅವ್ವೆ’, ಹುಲಿಗೆವ್ವನ ‘ಅವ್ವ’ ಇವು ಒಂದೇ ಎಳೆಯ ಮೂರು ಘಟ್ಟಗಳು. ಸಾವಿರ ವರ್ಷ ಬಾಯಿಂದ ಬಾಯಿಗೆ ಉಳಿದುಬಂದ ಈ ಎಳೆ ಒಂದು ಅರ್ಜಿ ತುಂಬುವ ಹೊತ್ತಿನಲ್ಲಿ ಕಡಿದುಹೋಗುತ್ತದೆ. ಹಾಗೆಯೇ ರೋಮನ್‌ ಲಿಪಿಗೆ ಹೋದ ಕಳಕಪ್ಪನಿಗೆ ‘ಳ’ಕಾರವಿಲ್ಲ, ಅಲ್ಲಿಂದ ಯಂತ್ರದ ಮೂಲಕ ಕನ್ನಡಕ್ಕೆ ಮರಳಿದಾಗ ಅವನು ಕಲಕಪ್ಪನಾಗಬಹುದು. ಮುಂದಿನ ಸಂಶೋಧಕನು ಕಾಲಕಾಲೇಶ್ವರನನ್ನು ಬಿಟ್ಟು ‘ಕಲಕು’ ಧಾತುವನ್ನು ಹಿಡಿದು ಹೊರಟರೆ ತಪ್ಪು ಅವನದಲ್ಲ.

ಎರಡನೆಯದು ಕಾನೂನು ಮತ್ತು ಕಾಲದ ಗತಿ. 1969ರ ಜನನ ಮರಣ ನೋಂದಣಿ ಅಧಿನಿಯಮವು ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಿ, ಹೆಸರನ್ನು ಅನಂತರ ಸೇರಿಸಲು ಅವಕಾಶವಿತ್ತಿದೆ. ಹೆರಿಗೆಗೂ ತೊಟ್ಟಿಲಿಗೂ ನಡುವಿನ ದಿನಗಳನ್ನು ಈ ಅವಕಾಶ ಕಾಯ್ದುಕೊಂಡಿದೆ. ಆದರೆ 2023ರ ತಿದ್ದುಪಡಿಯಿಂದಾಗಿ ಆ ವರ್ಷದ ಅಕ್ಟೋಬರ್‌ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ ಮೊದಲಾದವುಗಳಲ್ಲಿ ಜನನ ಪ್ರಮಾಣಪತ್ರವೇ ಜನ್ಮದಿನಾಂಕದ ಮುಖ್ಯ ಆಧಾರವಾಗಿದೆ. ಆದ್ದರಿಂದ ಅಲ್ಲಿ ಬರೆದ ರೂಪವೇ ವ್ಯಕ್ತಿಯ ಬದುಕಿನುದ್ದಕ್ಕೂ ನಿಲ್ಲುತ್ತದೆ. ಆ ಪತ್ರದಲ್ಲಿ ಹೆಸರಿಗೆ ಅಂಕಣವಿದೆ, ಕಾರಣಕ್ಕಿಲ್ಲ; ಇರಬೇಕೆಂದು ಅಪೇಕ್ಷಿಸುವುದೂ ಸಲ್ಲ. ಅದು ಸರಕಾರದ ಕೆಲಸವಲ್ಲ, ನಮ್ಮ ಕೆಲಸ.

ಇಷ್ಟು ಹೇಳಿದೊಡನೆ ಹಳೆಯ ಹೆಸರುಗಳನ್ನೇ ಇಡಬೇಕೆಂಬ ಉಪದೇಶ ಇದೆಂದು ಯಾರೂ ಭಾವಿಸಬಾರದು. ಹೆಸರಿನ ಪರಂಪರೆಯಲ್ಲಿ ಅಕ್ಕರೆಯಿರುವಂತೆ ಅವಮಾನವೂ ಇದೆ. ಒಬ್ಬನೇ ಮನುಷ್ಯ ಬಾಲ್ಯದಲ್ಲಿ ಬಸ್ಯಾ, ಪ್ರಾಯದಲ್ಲಿ ಬಸಪ್ಪ, ಮುಪ್ಪಿನಲ್ಲಿ ಬಸಪ್ಪಜ್ಜ ಆಗುವುದು ನಮ್ಮ ಮಾತಿನ ಸೊಗಸೆಂದು ವರ್ಣಿಸುತ್ತೇವೆ. ಆದರೆ ಊರ ಹೊರಗಿನ ಕೇರಿಯವನು ಮೊಮ್ಮಕ್ಕಳನ್ನು ಕಂಡ ಮೇಲೂ ಮೇಲುಜಾತಿಯ ಹುಡುಗರ ಬಾಯಲ್ಲಿ ಹನುಮ್ಯಾ, ದುರುಗ್ಯಾ ಆಗಿಯೇ ಉಳಿದದ್ದೂ ಇದೇ ಮಾತಿನಲ್ಲಿ. ‘ಅಪ್ಪ’ ಎಂಬ ಎರಡಕ್ಷರ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ ಎಂಬ ಹೆಸರುಗಳಲ್ಲಿ ‘ಅಯ್ಯ’ ಸೇರಿದ್ದು ಎಂಥ ದೊಡ್ಡ ಘಟನೆಯೆಂಬುದು ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಆ ಕೇರಿಯ ತಾಯಿ ತನ್ನ ಮಗುವಿಗೆ ಜಾತಿಯ ಸುಳಿವು ಕೊಡದ ಹೊಸ ಹೆಸರನ್ನು ಆರಿಸಿದರೆ, ಅದನ್ನು ಸಿನಿಮಾದ ಪ್ರಭಾವವೆಂದೋ ಕನ್ನಡತನದ ನಾಶವೆಂದೋ ಹಳಿಯುವ ಅಧಿಕಾರ ನಮಗಿಲ್ಲ. ಆ ಆಯ್ಕೆಗೂ ಒಂದು ಕಾರಣವಿದೆ; ಅದೂ ದಾಖಲಾಗಬೇಕು. ಮದುವೆಯಾದ ದಿನವೇ ತವರಿನ ಹೆಸರನ್ನು ಕಳೆದುಕೊಂಡ ಹೆಣ್ಣುಮಕ್ಕಳ ವಿಷಯವೂ ಹೀಗೆಯೇ. ಗಂಡನ ಹೆಸರು ಹೇಳಲು ಅವರು ಕಟ್ಟಿದ ಒಡಪುಗಳನ್ನು ನಮ್ಮ ಜಾನಪದ ಸಂಕಲನಗಳು ಕಾಪಾಡಿವೆ. ಅವರ ಮೊದಲ ಹೆಸರುಗಳನ್ನು ಯಾವ ಸಂಕಲನವೂ ಕೇಳಿಲ್ಲ.

ಇದು ಸಮಾಜಶಾಸ್ತ್ರದ ಕೆಲಸ, ಕನ್ನಡ ವಿಭಾಗಕ್ಕೇಕೆ ಎಂಬ ಆಕ್ಷೇಪ ಬರಬಹುದು. ಬಸ್ಯಾ, ಬಸಣ್ಣ, ಬಸಪ್ಪ, ಬಸವರಾಜ ಎಂಬ ರೂಪಗಳಲ್ಲಿ ಯಾರು ಯಾರನ್ನು ಯಾವಾಗ ಹೇಗೆ ಕರೆಯುತ್ತಾರೆ ಎಂಬುದು ಭಾಷೆಯ ಪ್ರಶ್ನೆಯೇ. ಶಾಸನದ ಹೆಸರನ್ನು ಸರಿಯಾಗಿ ಓದಬೇಕಾದರೆ ಬದುಕಿರುವ ಹೆಸರಿನ ನಡೆ ತಿಳಿದಿರಬೇಕು.

ಮಾಡಬೇಕಾದುದು ದೊಡ್ಡ ವೆಚ್ಚದ ಯೋಜನೆಯಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರನ್ನು ಕಂಡು ಆರು ಪ್ರಶ್ನೆಗಳನ್ನು ಕೇಳಿದರೆ ಸಾಕು: ದಾಖಲೆಯಲ್ಲಿರುವ ಹೆಸರು ಯಾವುದು, ಮನೆಯಲ್ಲಿ ಕರೆಯುವುದು ಹೇಗೆ, ಇಟ್ಟವರು ಯಾರು, ಇಟ್ಟ ಕಾರಣವೇನು, ಅದು ಯಾರ ಹೆಸರಿನ ಮರುಕಳಿಕೆ, ಮುಂದೆ ಬದಲಾಗಿದ್ದರೆ ಯಾಕೆ. ಉತ್ತರಗಳನ್ನು ಅವರು ಆಡಿದ ಮಾತಿನಲ್ಲಿಯೇ ಬರೆದಿಡಬೇಕು. ಒಪ್ಪಿಗೆಯಿಲ್ಲದೆ ಯಾರ ಗುರುತೂ ಪ್ರಕಟವಾಗಬಾರದು. ಹೆಸರಿನಿಂದ ಜಾತಿ ಅಳೆಯುವ ಸಮಾಜದಲ್ಲಿ ಈ ಎಚ್ಚರ ಅತ್ಯಗತ್ಯ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಈಚೆಗೆ ಸ್ಥಾಪನೆಯಾದ ಕೊಪ್ಪಳ ವಿಶ್ವವಿದ್ಯಾಲಯವೂ ಈ ಭಾಗಕ್ಕೆ ಹತ್ತಿರದಲ್ಲಿವೆ. ಅಲ್ಲಿಗೆ ಓದಲು ಬರುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನರ ಅಜ್ಜಿಯರು ಹುಲಿಗೆವ್ವ, ತಿಪ್ಪವ್ವ, ಸಾಕವ್ವರು. ಅವರನ್ನು ‘ನಿನಗ ಈ ಹೆಸರು ಯಾಕಿಟ್ಟರು, ಯವ್ವಾ?’ ಎಂದು ಕೇಳಬಲ್ಲ ಕೊನೆಯ ತಲೆಮಾರು ಇಂದು ನಮ್ಮ ತರಗತಿಗಳಲ್ಲಿ ಕುಳಿತಿದೆ.