ವಿಡಂಬನೆಯು ವಾಸ್ತವದ ವೈರಿಯಲ್ಲ

ವಾಸ್ತವವಾದವು ಗಂಭೀರ, ವಿಡಂಬನೆಯು ಲಘು. ಉತ್ಪ್ರೇಕ್ಷೆಯು ಕಾಲಿಟ್ಟೊಡನೆ ಸತ್ಯವು ಹಿಂದೆ ಸರಿಯುತ್ತದೆ ಎಂಬ ತಪ್ಪು ತಿಳಿವಳಿಕೆ ಕನ್ನಡದ ಸಾಹಿತ್ಯಚರ್ಚೆಯಲ್ಲಿ ಇನ್ನೂ ಉಳಿದಿದೆ. 1913ರಲ್ಲಿ ಹರಪನಹಳ್ಳಿಯಲ್ಲಿ ಜನಿಸಿದ ಬೀಚಿಯವರನ್ನು ನಗೆಹನಿಗಳ ಕಪಾಟಿಗೆ ಸೇರಿಸಿದ್ದು ಈ ಅಳತೆಗೋಲೇ. 1953ರಲ್ಲಿ ಕೊಟ್ಟೂರಿನಲ್ಲಿ ಜನಿಸಿದ ಕುಂ. ವೀರಭದ್ರಪ್ಪನವರನ್ನು ಬಿಸಿಲ ಸೀಮೆಯ ಕ್ರೌರ್ಯದ ಚಿತ್ರಕಾರರೆಂದು ಹೊಗಳಿ, ಅವರ ನಗೆಯನ್ನು ಅತಿರೇಕವೆಂದು ಬದಿಗಿಡುವುದೂ ಇದೇ.

ಅಮೆರಿಕದ ಮಾರ್ಕ್ ಟ್ವೇನನ ಉದಾಹರಣೆಯೊಂದೇ ಈ ವಾದವನ್ನು ಅಲುಗಾಡಿಸಲು ಸಾಕು. 'ಹಕಲ್‌ಬೆರಿ ಫಿನ್' (1884) ಕಾದಂಬರಿಯಲ್ಲಿ ಹಗೆ ಸಾಧಿಸುವ ಎರಡು ಮನೆತನಗಳವರು ಬಂದೂಕು ಹಿಡಿದೇ ಇಗರ್ಜಿಗೆ ಹೋಗಿ, ಸೋದರಪ್ರೇಮದ ಉಪದೇಶವನ್ನು ಕೇಳಿ ಮೆಚ್ಚುತ್ತಾರೆ. ಬಳಿಕ ಪರಸ್ಪರ ಕೊಲ್ಲುತ್ತಾರೆ. ಟ್ವೇನನು ಎರಡು ಸಂಗತಿಗಳನ್ನು ಬಾಲಕನೊಬ್ಬನ ಕಣ್ಣೆದುರು ಜೊತೆಯಾಗಿರಿಸಿದ್ದಾನೆ, ಅಷ್ಟೆ. ಅಲ್ಲಿ ವಿಡಂಬನೆಯೇ ವಾಸ್ತವದ ವರದಿ. ಬೀಚಿಯವರ ತಿಮ್ಮನೂ ಅಂಥದೇ ಒಂದು ಕಣ್ಣು: ದಡ್ಡನಂತೆ ತೋರುವವನ ಮಾತಿನೆದುರು ಜಾಣರ ಲೋಕವೇ ಬೆತ್ತಲಾಗುತ್ತದೆ. ಅವರ ನಗೆಹನಿಗಳಲ್ಲಿ ಕೆಲವು ಬರಿಯ ನಗೆಯೇ ಹೌದು. ಆದರೆ ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟವರ ನಗೆಯ ಹಿಂದೆ ಭಯದ ಅರಿವಿಲ್ಲವೆನ್ನುವುದು ಓದಿನ ಸೋಮಾರಿತನ.

ಕುಂವೀ ಅವರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ 'ಅರಮನೆ'ಯಲ್ಲಿ ಥಾಮಸ್ ಮನ್ರೋ ಒಂದು ಪಾತ್ರ. ಅಲ್ಲಿ ದೈವ, ದೊರೆ, ಅಧಿಕಾರಿಗಳೆಲ್ಲ ಹಿಗ್ಗಿ ಕಾಣುವುದು ಕಲ್ಪನೆಯ ಸ್ವೇಚ್ಛೆ ಎನ್ನುವವರು ಇತಿಹಾಸವನ್ನು ನೋಡಬೇಕು. 1800ರಲ್ಲಿ ನಿಜಾಮನು ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಕಂದಾಯದ ವ್ಯವಸ್ಥೆಗೆ ಬಂದ ಕಲೆಕ್ಟರನೇ ಈ ಮನ್ರೋ. ಜನರು ಮಕ್ಕಳಿಗೆ ಅವನ ಹೆಸರಿಟ್ಟರು. ಮಂತ್ರಾಲಯದಲ್ಲಿ ರಾಯರೇ ಅವನಿಗೆ ದರ್ಶನವಿತ್ತರೆಂಬ ಐತಿಹ್ಯ ಬೆಳೆಯಿತು. ಕಂದಾಯದ ಅಧಿಕಾರಿಯು ದೈವದ ಸಮೀಪಕ್ಕೇರಿದ್ದು ಕಾದಂಬರಿಕಾರನ ಸೃಷ್ಟಿಯಲ್ಲ. ಚರಿತ್ರೆಯೇ ಉತ್ಪ್ರೇಕ್ಷೆಯಾಗಿರುವಲ್ಲಿ ಉತ್ಪ್ರೇಕ್ಷೆಯೇ ನಿಷ್ಠೆ. ತಣ್ಣನೆಯ ವರದಿಯು ಅಧಿಕಾರಕ್ಕೆ ಅದು ಬಯಸುವ ಘನತೆಯನ್ನೇ ತೊಡಿಸುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನೆಲ ಪಾಳೆಯಗಾರರನ್ನೂ ಕಂಪನಿಯನ್ನೂ ಕಂಡಿದೆ. 1953ರವರೆಗೆ ಮದರಾಸಿನ ಕಚೇರಿಗಳನ್ನೂ ಕಂಡಿದೆ. ದೊರೆಗಳು ಬದಲಾದರೂ ಕಂದಾಯ ತಪ್ಪದ ಇಂಥ ಸೀಮೆಯಲ್ಲಿ ನಗೆಯು ವಿನೋದ ಮಾತ್ರವಲ್ಲ, ಸಾಕ್ಷ್ಯ. ಬೀಚಿಯವರನ್ನು ಹಾಸ್ಯಕ್ಕೂ ಕುಂವೀ ಅವರನ್ನು ಕ್ರೌರ್ಯಕ್ಕೂ ಹಂಚಿಕೊಡುವ ವಿಮರ್ಶೆ ಆ ಸಾಕ್ಷ್ಯವನ್ನು ಸೀಳಿ ಎರಡು ಕಡತಗಳಲ್ಲಿ ಹೂಳುತ್ತದೆ. ಇಬ್ಬರನ್ನೂ ಒಂದೇ ಪಾಠದಲ್ಲಿ ಓದಿಸದ ಹೊರತು ಈ ಸೀಮೆಯ ವಾಸ್ತವವಾದವನ್ನು ಕುರಿತ ಯಾವ ಅಧ್ಯಯನವೂ ಪೂರ್ಣವಾಗದು.