ಹಸಿರು ಕ್ಯಾಂಪಸ್‌ಗೆ ಟ್ರೋಫಿ ಕೊಟ್ರಿ, ಗುಡಿಸೋ ಕೈಗೆ ಗ್ಲೌಸ್ ಕೊಟ್ರಾ?



ಜೂನ್ 5 ಬಂತು ಅಂದ್ರೆ ಕಾಲೇಜುಗಳಲ್ಲಿ ಹಸಿರು ಹಬ್ಬ ಶುರು. 'ಹಸಿರು ಕ್ಯಾಂಪಸ್' ಸ್ಪರ್ಧೆ, ಪೋಸ್ಟರ್ ಸ್ಪರ್ಧೆ, ರೀಲ್ಸ್ ಸ್ಪರ್ಧೆ, 'ಕಸದಿಂದ ರಸ' ಸ್ಪರ್ಧೆ. ಗೆದ್ದ ತಂಡಕ್ಕೆ ಟ್ರೋಫಿ, ಅತಿಥಿಗಳಿಗೆ ಶಾಲು, ಪೇಪರಲ್ಲಿ ಫೋಟೊ. ಹಿಂದೆ ಒಂದು ದೊಡ್ಡ ಫ್ಲೆಕ್ಸ್, ಅದರ ಮೇಲೆ 'ಪ್ಲಾಸ್ಟಿಕ್ ಮುಕ್ತ ಆವರಣ' ಅಂತ ಬರಹ! ಫ್ಲೆಕ್ಸನ್ನ ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧ ಮಾಡಿದೆ ಅನ್ನೋದು ವೇದಿಕೆ ಮೇಲಿರೋ ಯಾರಿಗೂ ನೆನಪಿರಲ್ಲ.

ಗಿಡ ನೆಡೋದಕ್ಕೆ ನನ್ನ ತಕರಾರಿಲ್ಲ. ವಿದ್ಯಾರ್ಥಿಗಳ ಉತ್ಸಾಹಕ್ಕಂತೂ ಇಲ್ಲವೇ ಇಲ್ಲ. ನನ್ನ ತಕರಾರಿರೋದು ತೀರ್ಪುಗಾರರ ಕೈಯಲ್ಲಿರೋ ಅಂಕಪಟ್ಟಿ ಮೇಲೆ. ನಾನು ಗುಮಾಸ್ತ, ಪಟ್ಟಿ ಓದೋದೇ ನನ್ನ ಹೊಟ್ಟೆಪಾಡು. ಎಷ್ಟು ಗಿಡ, ಎಷ್ಟು ಎಲ್‌ಇಡಿ ಬಲ್ಬು, ಸೋಲಾರ್ ಇದೆಯಾ, ಮಳೆನೀರು ಕೊಯ್ಲು ಇದೆಯಾ, ಎರೆಗೊಬ್ಬರದ ತೊಟ್ಟಿ ಇದೆಯಾ? ಇಷ್ಟೂ ಪಟ್ಟಿಯಲ್ಲಿ ಇರುತ್ತೆ. ಆ ತೊಟ್ಟಿಗೆ ಕೈ ಹಾಕೋದು ಯಾರು ಅನ್ನೋ ಪ್ರಶ್ನೆ ಮಾತ್ರ ಇರಲ್ಲ.

ಈ ಸಂಭ್ರಮದ ಹಿಂದೆ ಒಂದು ಲೆಕ್ಕವೂ ಇದೆ. 2017ರಲ್ಲಿ ಪರಿಷ್ಕರಿಸಿದ ನ್ಯಾಕ್ ಮಾದರಿಯಲ್ಲಿ ಏಳನೇ ಮಾನದಂಡಕ್ಕೆ 1000ದಲ್ಲಿ 100 ಅಂಕ. ಗ್ರೀನ್ ಆಡಿಟ್, ಎನರ್ಜಿ ಆಡಿಟ್, ಹಸಿರು ಕ್ಯಾಂಪಸ್ ಪ್ರಶಸ್ತಿ ಎಲ್ಲವೂ ಇದರಡಿ ಬರುತ್ತವೆ. ಹಾಗಾಗಿ ಸ್ಪರ್ಧೆ ನಡೆಸಿದ ವರದಿ, ಜಿಯೋ ಟ್ಯಾಗ್ ಮಾಡಿದ ಫೋಟೊ ಫೈಲಿಗೆ ಸೇರಬೇಕು. ಫೈಲ್ ಹಸಿರಾದ್ರೆ ಕೆಲಸ ಮುಗೀತು.

ಈಗ ಫೈಲಿನಾಚೆ ಬನ್ನಿ. ನಮ್ಮ ಕೇರಿಯ ಎಷ್ಟೋ ಹೆಣ್ಣುಮಕ್ಕಳು ಕಾಲೇಜುಗಳಲ್ಲಿ ಹೊರಗುತ್ತಿಗೆ ಮೇಲೆ ಕಸ ಗುಡಿಸ್ತಾರೆ, ಶೌಚಾಲಯ ತೊಳೀತಾರೆ. ಅವರಲ್ಲೊಬ್ಬ ಅಕ್ಕ ನನಗೆ ಹೇಳಿದ ಮಾತಿದು: "ಸ್ಪರ್ಧೆ ಇರೋ ದಿನ ನಮ್ಗೆ ಡಬಲ್ ಕೆಲ್ಸ ಕಣಣ್ಣ. ಥರ್ಮಾಕೋಲು, ಬಣ್ಣದ ಪೇಪರು, ಗಮ್ಮು... ಎಲ್ಲಾ ನಾವೇ ಕೆರೀಬೇಕು." ಆ ದಿನ ಅವರಿಗೆ ಹೆಚ್ಚು ಕೂಲಿ ಇಲ್ಲ, ವೇದಿಕೆಯಿಂದ ಒಂದು ಥ್ಯಾಂಕ್ಸೂ ಇಲ್ಲ. ಕಸದಿಂದ ರಸ ಅಂತಾರಲ್ಲ, ರಸ ಅವರಿಗೆ, ಕಸ ನಮಗೆ!

ಕಾನೂನು ಏನು ಹೇಳುತ್ತೆ? ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಅಂತ ಕಸ ಮಾಡಿದವರೇ ವಿಂಗಡಿಸಬೇಕು ಅಂತ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ಅಂದ್ರೆ ಕ್ಯಾಂಟೀನಲ್ಲಿ ತಿಂದವರು, ಹಾಸ್ಟೆಲಲ್ಲಿ ಇರೋರು, ಸ್ಟಾಫ್ ರೂಮಲ್ಲಿ ಟೀ ಕುಡಿಯೋರು. ಅದು ಅವರ ಕರ್ತವ್ಯ. ಆ ಕರ್ತವ್ಯವನ್ನ ವರ್ಷಕ್ಕೊಂದು ದಿನ ಕ್ಯಾಮೆರಾ ಮುಂದೆ ಮಾಡಿದವರಿಗೆ ಬಹುಮಾನ. ಉಳಿದ ದಿನ ಎಲ್ಲಾ ಕಲಸಿ ಎಸೆದದ್ದನ್ನ ಬರಿಗೈಲಿ ಬೇರೆ ಮಾಡೋರಿಗೆ ಏನು?

ಇನ್ನೂ ಕೆಳಗಿಳಿಯೋಣ, ಪಿಟ್ ಗುಂಡಿಗೆ. ಮಲ ಹೊರುವ ಪದ್ಧತಿಯ ವಿರುದ್ಧ 2013ರ ಕಾಯ್ದೆ ಇದೆ. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಅಕ್ಟೋಬರ್ 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತು ಅಂದ್ರೆ ಸಾವು ನಿಂತಿಲ್ಲ ಅಂತಲೇ ಅರ್ಥ. ಸಾವಿರಾರು ಮಕ್ಕಳಿರೋ ಕಾಲೇಜಿನ ಗುಂಡಿ ತುಂಬಿದಾಗ ಯಂತ್ರ ಬರುತ್ತಾ, ನಮ್ಮ ಹುಡುಗ ಇಳೀತಾನಾ? ಈ ಪ್ರಶ್ನೆ ಕೇಳದ ಆಡಿಟ್ ಎಷ್ಟು ಹಸಿರಾಗಿದ್ರೇನು!

"ಪರಿಸರದಲ್ಲೂ ಜಾತಿ ತರ್ತೀರಾ?" ಅಂತ ಕೆಲವರು ಕಾಮೆಂಟ್ ಹಾಕೋಕೆ ರೆಡಿ ಇರ್ತೀರಿ. ತಂದವರು ನಾವಲ್ಲ ಸ್ವಾಮಿ. ಕೆರೆ ನೀರು ಎಲ್ಲರಿಗೂ ಸೇರಿದ್ದು ಅಂತ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದರಲ್ಲ, ಅದು ಪರಿಸರ ಹೋರಾಟ ಅಲ್ವಾ? ಅರಸು ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದ್ದು ಸ್ವಚ್ಛತೆಯ ಕೆಲಸ ಅಲ್ವಾ? ಆದರೂ ಜೂನ್ 5ರ ಭಾಷಣಗಳಲ್ಲಿ ಈ ಎರಡು ಹೆಸರು ಎಷ್ಟು ಸಲ ಕೇಳಿದ್ದೀರಿ ಹೇಳಿ.

ನಮ್ಮ ಸಂಗಾತಿಗಳಲ್ಲೇ ಕೆಲವರು, "ಮಕ್ಕಳ ಸ್ಪರ್ಧೆ, ಸಣ್ಣ ವಿಷಯ, ಬಿಟ್ಬಿಡಿ" ಅಂತಾರೆ. ನನಗೆ ಹಾಗನ್ನಿಸಲ್ಲ. ಹದಿನೆಂಟು ವರ್ಷದ ಹುಡುಗ ಹುಡುಗಿಯರು ಯಾವುದನ್ನ ಲೆಕ್ಕಕ್ಕೆ ತಗೋಬೇಕು, ಯಾವುದನ್ನ ಬಿಡಬೇಕು ಅಂತ ಕಲಿಯೋದು ಇಂಥ ಕಡೆಯೇ. ಗಿಡ ಎಣಿಸಿ ಮನುಷ್ಯರನ್ನ ಬಿಟ್ಟ ಅಂಕಪಟ್ಟಿಯಲ್ಲಿ ಪಾಸಾದವರೇ ನಾಳೆ ಕಮಿಷನರು, ಇಂಜಿನಿಯರು ಆಗೋದು. ಟೆಂಡರ್ ಬರೆಯೋರೂ ಅವರೇ.

ಹಾಗಾಗಿ ಸ್ಪರ್ಧೆ ನಿಲ್ಲಿಸಿ ಅಂತ ನಾನು ಕೇಳ್ತಿಲ್ಲ. ಅಂಕಪಟ್ಟಿಗೆ ಈ ಐದು ಪ್ರಶ್ನೆ ಸೇರಿಸಿ:

1. ಸ್ವಚ್ಛತಾ ಕಾರ್ಮಿಕರಿಗೆ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಸರಿಯಾಗಿ ಸಿಗ್ತಿದೆಯಾ?
2. ಗ್ಲೌಸ್, ಬೂಟು, ಮಾಸ್ಕ್ ಕೊಟ್ಟಿದ್ದಾರಾ? ಕೊನೇ ಸಲ ಕೊಟ್ಟಿದ್ದು ಯಾವಾಗ?
3. ಅವರಿಗೆ ಬಟ್ಟೆ ಬದಲಾಯಿಸೋಕೆ, ಕೂತು ಊಟ ಮಾಡೋಕೆ ಒಂದು ಕೋಣೆ ಇದೆಯಾ? ಅವರು ತೊಳೆಯೋ ಶೌಚಾಲಯವನ್ನ ಅವರೂ ಬಳಸಬಹುದಾ?
4. ಕಸ ವಿಂಗಡಿಸೋದು ಕಸ ಮಾಡಿದವರಾ, ಗುಡಿಸೋರಾ?
5. ಪಿಟ್ ಗುಂಡಿ ಖಾಲಿ ಮಾಡೋದು ಯಂತ್ರವಾ, ಮನುಷ್ಯನಾ?

ಒಂದಕ್ಕೆ 'ಇಲ್ಲ' ಅಂತ ಬಂದ್ರೂ ಟ್ರೋಫಿ ಕೊಡಬೇಡಿ. ತೀರ್ಪುಗಾರರ ಸಾಲಲ್ಲಿ ಆ ಕ್ಯಾಂಪಸ್ಸನ್ನ ದಿನಾ ಗುಡಿಸೋ ಒಬ್ಬ ತಾಯಿಯನ್ನೂ ಕೂರಿಸಿ. ಆ ಆವರಣದ ಮೂಲೆ ಮೂಲೆ ಅವರಷ್ಟು ಇನ್ಯಾರಿಗೆ ಗೊತ್ತು?

ಕಾಲೇಜಲ್ಲಿ ಓದ್ತಿರೋ ನಮ್ಮ ತಮ್ಮ ತಂಗಿಯರಿಗೆ ಒಂದು ಮಾತು. ಸ್ಪರ್ಧೆಗೆ ಹೆಸರು ಕೊಡಿ, ಇದೇ ಪ್ರಶ್ನೆಗಳನ್ನ ನಿಮ್ಮ ಪ್ರಾಜೆಕ್ಟ್ ಮಾಡಿ. ಸರ್ಕಾರಿ ಕಾಲೇಜಾದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಆದ್ದರಿಂದ ಹೊರಗುತ್ತಿಗೆ ಒಪ್ಪಂದ ಮತ್ತು ಪಿಎಫ್ ಚಲನ್‌ಗಳಿಗೆ ಒಂದು ಅರ್ಜಿ, ಪಿಟ್ ಗುಂಡಿ ಸ್ವಚ್ಛ ಮಾಡಿಸಿದ ಬಿಲ್ಲುಗಳಿಗೆ ಇನ್ನೊಂದು. 30 ದಿನದಲ್ಲಿ ಉತ್ತರ ಕೊಡಲೇಬೇಕು. ಅರ್ಜಿ ಬರೆಯೋದು ಗೊತ್ತಾಗದಿದ್ರೆ ಇನ್‌ಬಾಕ್ಸಿಗೆ ಬನ್ನಿ, ಸಂಜೆ ಆಫೀಸು ಮುಗಿಸಿ ಕೂತು ಬರೆದುಕೊಡ್ತೀನಿ.

ಜೈ ಭೀಮ್.