ಮೂರು ಗಾಲಿ, ನೂರೈವತ್ತು ನಿಮಿಷ

ಈ ವಾರದ ಅಂಕಣಕ್ಕೆ ವಿಷಯ ಒಂದು ಗಾಡಿ. ಪೆಟ್ರೋಲ್ ಬೇಡ, ಬ್ಯಾಟರಿ ಬೇಡ, ಪೆಡಲ್ ಇಲ್ಲ, ಚೈನ್ ಇಲ್ಲ, ಕೂರೋಕೆ ಸೀಟೂ ಇಲ್ಲ. ಮುಂದೊಂದು ಗಾಲಿ, ಹಿಂದೆ ಎರಡು, ಒಂದೊಂದು ಪಾದ ಇಡೋಕೆ ಒಂದೊಂದು ಪುಟ್ಟ ಹಲಗೆ, ಹಿಡಿದುಕೊಳ್ಳೋಕೆ ಹ್ಯಾಂಡಲ್, ಅದಕ್ಕೆ ಬ್ರೇಕು. ಅಷ್ಟೇ. ಅದರ ಮೇಲೆ ನಿಂತ್ಕೊಂಡು ಆ ಕಡೆ ಈ ಕಡೆ ವಾಲ್ತಾ ಹೋದ್ರೆ ಹಾವಿನ ಹಾಗೆ ಬಳುಕುತ್ತಾ ಮುಂದೆ ಓಡುತ್ತೆ. ಇದಕ್ಕೆ 'ಟ್ರೈಕ್' ಅಂತ ಹೆಸರು. ಬ್ರೆಜಿಲ್‌ನ ಗಿಲ್ಡೊ ಬೆಲೆಸ್ಕಿ ಅನ್ನೋರು ಕಂಡುಹಿಡಿದಿದ್ದು, 2000ದ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿದ್ದು. ನಮ್ಮ ಮನೆಯಿಂದ ಹತ್ತು ಮೈಲಿ ದೂರದಲ್ಲಿ ಒಬ್ಬರು ತಮ್ಮ ಹಳೇದನ್ನ ಮಾರ್ತಿದ್ದಾರೆ, 220 ಡಾಲರ್. ತಗೊಳ್ಳೋದಾ, ಬೇಡವಾ? ಎರಡು ವಾರದಿಂದ ತಲೇಲಿ ಇದೇ ಓಡ್ತಾ ಇದೆ.

'ಇಪ್ಪತ್ತೆಂಟು ವರ್ಷದವನಿಗೆ ಇದೆಂಥ ಆಟದ ಸಾಮಾನಿನ ಹುಚ್ಚು' ಅಂತ ನಗಬೇಡಿ. ಕಾರಣ ಇದೆ. ಕಳೆದ ತಿಂಗಳು ವರ್ಷದ ಚೆಕಪ್ ಆಯ್ತು. ಎಚ್‌ಬಿಎ1ಸಿ 5.8 ಬಂತು. 5.7ರಿಂದ 6.4ರವರೆಗೆ ಇದ್ರೆ ಇಲ್ಲಿನವರು ಪ್ರೀ-ಡಯಾಬಿಟಿಸ್ ಅಂತಾರೆ, 6.5 ಮುಟ್ಟಿದ್ರೆ 'ಪ್ರೀ' ಹೋಗಿ ಬರೀ ಡಯಾಬಿಟಿಸ್. ನೋಡೋಕೆ ನಾನೇನು ದಪ್ಪ ಇಲ್ಲ. ಆದ್ರೆ ನಮ್ಮಂಥವರ ಲೆಕ್ಕವೇ ಬೇರೆ ಅಂತೆ. ಬಿಎಂಐ 25 ದಾಟಿದ್ರೆ ತೂಕ ಜಾಸ್ತಿ ಅನ್ನೋದು ಸಾಮಾನ್ಯ ನಿಯಮ. ಏಷ್ಯಾ ಮೂಲದವರಿಗೆ ಮಾತ್ರ 23ಕ್ಕೇ ಸಕ್ಕರೆ ಕಾಯಿಲೆ ಪರೀಕ್ಷೆ ಶುರು ಮಾಡಿ ಅಂತ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್ 2015ರಲ್ಲೇ ಹೇಳಿದೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನೋ ದೇಹ ನಮ್ಮದಲ್ವಾ!

ಅದರ ಜೊತೆ ಮನೆತನದ ಆಸ್ತಿ ಬೇರೆ. ಅಪ್ಪನಿಗೆ ನಲವತ್ತಾರಕ್ಕೆ ಶುಗರ್ ಬಂತು. ಹೋದ ವರ್ಷ ಎಡಗಾಲಿನ ಒಂದು ಬೆರಳು ತೆಗೀಬೇಕಾಯ್ತು. ಹಾವೇರಿ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ, ದಿನಾ ಮೈಲಿಗಟ್ಟಲೆ ನಡೆದ ಕಾಲು ಅದು. ಅಂಥವರಿಗೇ ಹಾಗಾದ್ರೆ, ಬೆಳಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಕುರ್ಚಿ ಬಿಟ್ಟು ಏಳದ, ರಾತ್ರಿ ಮತ್ತೆ ಬೆಂಗಳೂರು ಟೀಮಿನ ಜೊತೆ ಕಾಲ್ ಅಂತ ಕೂರೋ ನನ್ನ ಗತಿ ಏನು ಹೇಳಿ?

ಸರಿ, ಗಾಡಿಗೆ ಬರೋಣ. ಪೆಡಲ್ ಇಲ್ಲದೆ ಇದು ಹೇಗೆ ಓಡುತ್ತೆ ಅನ್ನೋದೇ ನನಗೆ ಮೊದಲು ಹತ್ತಿದ ಹುಳ. ವಿಡಿಯೋ ನೋಡಿದ್ರೆ ಮೋಸ ಅನ್ಸುತ್ತೆ, ಯಾರೋ ಹಿಂದಿನಿಂದ ತಳ್ತಿದ್ದಾರೇನೋ ಅಂತ. ಆದ್ರೆ ನಮ್ಮ ಕಡೆಯವರಿಗೆ ಇದು ಹೊಸದಲ್ಲ. ನಾಗರ ಪಂಚಮಿಗೆ ಜೋಕಾಲಿ ಕಟ್ತಾರಲ್ಲ, ಅದರ ಮೇಲೆ ನಿಂತು ಜೀಕೋದು ನೆನಪಿದೆಯಾ? ಯಾರೂ ತಳ್ಳಲ್ಲ, ನೆಲಕ್ಕೆ ಕಾಲು ತಾಗಲ್ಲ; ಆದ್ರೂ ಸರಿಯಾದ ಹೊತ್ತಿಗೆ ಕೂತು ಎದ್ದು ಮಾಡಿದ್ರೆ ಜೋಕಾಲಿ ಮರದ ಕೊಂಬೆ ಮುಟ್ಟುತ್ತೆ. ಇಲ್ಲೂ ಅದೇ ಲೆಕ್ಕ, ಮಲಗಿಸಿದ ಜೋಕಾಲಿ ಅನ್ಕೊಳ್ಳಿ. ಗಾಡಿ ತಿರುವಿನಲ್ಲಿ ಹೋಗುವಾಗ ನಿಮ್ಮ ಮೈಯನ್ನ ಹೊರಗೆ ಒಗೆಯೋಕೆ ನೋಡುತ್ತೆ. ನೀವು ಕಾಲು, ಸೊಂಟ, ತೋಳಿನ ಬಲ ಹಾಕಿ ಮೈಯನ್ನ ತಿರುವಿನ ಒಳಗೆ ಎಳ್ಕೋತೀರಿ. ಆ ಎಳೆತಕ್ಕೆ ಖರ್ಚಾದ ಶಕ್ತಿಯೇ ವೇಗ ಆಗುತ್ತೆ. ಆಮೇಲೆ ಇನ್ನೊಂದು ಕಡೆಗೆ ತಿರುವು, ಮತ್ತೆ ಎಳೆತ. ಪುಕ್ಕಟೆ ಶಕ್ತಿ ಏನಿಲ್ಲ, ಎಲ್ಲಾ ನಮ್ಮ ಮೈಯಿಂದಲೇ ಬರಬೇಕು. ಅದಕ್ಕೇ ಇದು ವ್ಯಾಯಾಮ.

ಹೋದ ಶನಿವಾರ ಹೋಗಿ ಓಡಿಸಿಯೂ ನೋಡಿದೆ. ಮಾರೋರು ಅರವತ್ತು ದಾಟಿದ ಅಜ್ಜ, ಒಳ್ಳೇ ಮನುಷ್ಯ. ಪಕ್ಕದ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಹೆಲ್ಮೆಟ್ ಹಾಕಿಸಿ, ಮೊದಲು ಬ್ರೇಕ್ ಹಿಡಿಯೋದು ಕಲಿಸಿದರು. ಮೊದಲ ಹತ್ತು ನಿಮಿಷ ಗಾಡಿ ಜಪ್ಪಯ್ಯ ಅಂದ್ರೂ ಮುಂದೆ ಹೋಗಲಿಲ್ಲ. ನಾನು ಬರೀ ಹ್ಯಾಂಡಲ್ ತಿರುಗಿಸ್ತಿದ್ದೆ, ಮೈ ವಾಲಿಸ್ತಿರಲಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಲಯ ಸಿಕ್ಕಿಬಿಡ್ತು ನೋಡಿ! ಇಪ್ಪತ್ತು ನಿಮಿಷಕ್ಕೆ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ವ್ಯಾಯಾಮ ಸಾಕಷ್ಟು ಜೋರಾಗಿದೆಯಾ ಅಂತ ತಿಳಿಯೋಕೆ ಡಾಕ್ಟರುಗಳು ಒಂದು ಸುಲಭ ಪರೀಕ್ಷೆ ಹೇಳ್ತಾರೆ: ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ನನಗೆ ಮಾತಾಡೋದೂ ಕಷ್ಟ ಆಗಿತ್ತು. ಹೆಂಡತಿ ಬದಿಯಲ್ಲಿ ನಿಂತು ನಗ್ತಿದ್ದವಳು ಆಮೇಲೆ ತಾನೂ ಒಂದು ಸುತ್ತು ಹೊಡೆದಳು. ಓಟದ ಹಾಗೆ ಹೆಜ್ಜೆ ಹೆಜ್ಜೆಗೂ ಮಂಡಿಗೆ ಏಟು ಬೀಳಲ್ಲ ಅನ್ನೋದೂ ಒಂದು ಲಾಭ.

ಇಷ್ಟಾದ ಮೇಲೆ ದುಡ್ಡು ಕೊಟ್ಟು ತಂದುಬಿಡಬೇಕಿತ್ತು, ಅಲ್ವಾ? ಕಾರಿನ ಡಿಕ್ಕಿಗೆ ಎತ್ತಿಡೋದನ್ನ ಒಮ್ಮೆ ಮಾಡಿ ನೋಡೋಣ ಅಂತ ಮಡಚಿ ಎತ್ತಿದೆ. ಇಂಡಿಯನ್ ಸ್ಟೋರಿನ 20 ಪೌಂಡಿನ ಸೋನಾ ಮಸೂರಿ ಚೀಲಕ್ಕಿಂತ ಭಾರ ಅನ್ನಿಸ್ತು. ಅವಳು ಅಲ್ಲೇ ಕೇಳಿದಳು, "ರೀ, ಇದನ್ನ ದಿನಾ ಮೂರನೇ ಮಹಡಿಗೆ ಯಾರು ಹೊತ್ತು ತರ್ತಾರೆ?" ನಮ್ಮ ಅಪಾರ್ಟ್‌ಮೆಂಟಿಗೆ ಲಿಫ್ಟ್ ಇಲ್ಲ.

ಎರಡನೇದು ಜಾಗದ ಸಮಸ್ಯೆ. ನಾವಿರೋದು ನಾರ್ತ್ ಕೆರೊಲಿನಾದ ಕೇರಿಯಲ್ಲಿ. ಇಲ್ಲಿ ನಡೆಯೋಕೆ ಗ್ರೀನ್‌ವೇಗಳಿಗೆ ಬರ ಇಲ್ಲ. ಅಮೆರಿಕನ್ ಟೊಬ್ಯಾಕೊ ಟ್ರೇಲ್ ಅಂತ 22 ಮೈಲಿ ಉದ್ದದ ದಾರಿಯೂ ಇದೆ, ಒಂದು ಕಾಲಕ್ಕೆ ಡರಮ್ಮಿನ ಕಾರ್ಖಾನೆಗೆ ತಂಬಾಕು ಹೊತ್ತ ರೈಲು ಓಡ್ತಿದ್ದ ಹಾದಿ. ಆದ್ರೆ ಅದರ ನಮ್ಮ ಕಡೆಯ ಭಾಗ ಟಾರಿನದಲ್ಲ, ಸಣ್ಣ ಜಲ್ಲಿ ಪುಡಿ ಹಾಕಿ ಗಟ್ಟಿ ಮಾಡಿದ್ದು. ಈ ಗಾಡಿಯಲ್ಲಿ ಗಾಳಿ ತುಂಬುವ ಟೈರಿನದೂ ಇದೆ, ಗಟ್ಟಿ ಗಾಲಿಯದೂ ಇದೆ. ಅಜ್ಜನದು ಗಟ್ಟಿ ಗಾಲಿಯದು. ಜಲ್ಲಿ ಮೇಲೆ ಅದು ನಡೆಯಲ್ಲ. ಗಾಲಿ ನೆಲಕ್ಕೆ ಗಟ್ಟಿಯಾಗಿ ಕಚ್ಕೊಂಡ್ರೆ ತಾನೇ ನಾವು ಎಳ್ಕೊಂಡಿದ್ದು ವೇಗ ಆಗೋದು? ಜಾರಿದ್ರೆ ಎಲ್ಲಾ ವ್ಯರ್ಥ. ಅಕ್ಟೋಬರ್-ನವೆಂಬರಿನಲ್ಲಿ ಒದ್ದೆ ಎಲೆ ಬಿದ್ದಾಗಲೂ ಇದೇ ಕಥೆ.

ಟಾರು ದಾರಿಗೇ ಹೋಗೋಣ ಅಂದ್ರೂ ಇದು ನೇರ ಹೋಗೋ ಗಾಡಿ ಅಲ್ಲ, ಬಳುಕುತ್ತಾ ದಾರಿಯ ಅಗಲ ಎಲ್ಲಾ ತಿನ್ನುತ್ತೆ. ಸಂಜೆ ಹೊತ್ತಿಗೆ ಗ್ರೀನ್‌ವೇ ತುಂಬಾ ಮಕ್ಕಳ ಗಾಡಿ ತಳ್ಳೋರು, ನಾಯಿ ಹಿಡಿದೋರು, ಸೈಕಲ್ಲಿನವರು, ಊರಿಂದ ಬಂದ ನಮ್ಮವರ ಅಪ್ಪ-ಅಮ್ಮಂದಿರು. ಎಲ್ಲರೂ ಬಲಗಡೆ ಶಿಸ್ತಾಗಿ ಹೋಗುವಾಗ ನಾನೊಬ್ಬ ಆ ಅಂಚಿಂದ ಈ ಅಂಚಿಗೆ ಅಲೆದ್ರೆ ಚೆನ್ನಾಗಿರುತ್ತಾ?

ಅಂದ್ರೆ ಲೆಕ್ಕ ಇಷ್ಟಾಯ್ತು: ಮೂರು ಮಹಡಿ ಇಳಿಸು, ಕಾರಿಗೆ ಹಾಕು, ಖಾಲಿ ಜಾಗ ಹುಡುಕು, ಇಪ್ಪತ್ತು ನಿಮಿಷ ಓಡಿಸು, ಮತ್ತೆ ಕಾರು, ಮತ್ತೆ ಮೂರು ಮಹಡಿ. ವಾರದ ದಿನ ಇದು ಆಗೋ ಮಾತಲ್ಲ.

ಈ ನಡುವೆ ಹಳೇ ಅಧ್ಯಯನ ಒಂದನ್ನ ಓದಿದೆ. ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಂತ, ಫಲಿತಾಂಶ ಬಂದಿದ್ದು 2002ರಲ್ಲಿ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ 3,234 ಜನರನ್ನ ಸುಮಾರು ಮೂರು ವರ್ಷ ನೋಡಿದ್ರು. ವಾರಕ್ಕೆ 150 ನಿಮಿಷ ವ್ಯಾಯಾಮ, ಶೇಕಡಾ 7ರಷ್ಟು ತೂಕ ಇಳಿಸೋದು ಅನ್ನೋ ಗುರಿ ಹಿಡಿದವರಲ್ಲಿ ಕಾಯಿಲೆ ಬರೋದು ಶೇಕಡಾ 58ರಷ್ಟು ಕಮ್ಮಿ ಆಯ್ತು. ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ 31. ಆ 150 ನಿಮಿಷ ಅಂದ್ರೆ ಏನು ಗೊತ್ತಾ? ಬಿರುಸಾಗಿ ನಡೆಯೋದು ಅಂಥದ್ದೇ. ಯಾವ ಗಾಡಿಯೂ ಬೇಕಿರಲಿಲ್ಲ.

ಭಾನುವಾರ ಫೋನಿನಲ್ಲಿ ಅಪ್ಪನಿಗೂ ಹೇಳಿದೆ. ಎಲ್ಲಾ ಕೇಳಿಸ್ಕೊಂಡು, "ಅಲ್ಲೋ, ನಡ್ಯಾಕ ಎರಡು ಕಾಲು ಅದಾವಲ್ಲ ನಿನಗ? ಅದಕ್ಕ ಮೂರು ಗಾಲಿ ಯಾಕ ಬೇಕು?" ಅಂದರು. ನಾನೇನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ, "ತಗೋಬೇಕು ಅನ್ನಿಸಿದ್ರ ತಗೋ. ಏನರೆ ಮಾಡು, ಆದ್ರ ದಿನಾ ಮಾಡು. ನಾ ಗುಳಿಗಿ ನುಂಗಿದ್ರ ಆತು ಅಂತ ಸುಮ್ನ ಕುಂತೆ" ಅಂದರು. ಕಾಲಿನ ಬಗ್ಗೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು.

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ವಾರದ ಐದು ದಿನ, ದಿನಕ್ಕೆ ಮೂವತ್ತು ನಿಮಿಷ, ಮನೆ ಬಾಗಿಲಿಂದಲೇ ಶುರುವಾಗೋ ನಡಿಗೆ. 150 ಅಲ್ಲಿಗೆ ಮುಗೀತು. ಟ್ರೈಕನ್ನೂ ತಗೋತೀನಿ, 180ಕ್ಕೆ ಕೇಳಿದ್ದೀನಿ, ಅಜ್ಜ ಒಪ್ಪೋ ಹಾಗೆ ಕಾಣುತ್ತೆ. ಅದು ಕಾರಿನ ಡಿಕ್ಕಿಯಲ್ಲೇ ಇರುತ್ತೆ, ಶನಿವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಇಬ್ಬರೂ ಸರದಿ ಮೇಲೆ ಓಡಿಸ್ತೀವಿ. ಆದ್ರೆ ಆ ನಿಮಿಷಗಳನ್ನ 150ರ ಲೆಕ್ಕಕ್ಕೆ ಸೇರಿಸಲ್ಲ. ಅದು ಬರೀ ಖುಷಿಗೆ. ಔಷಧಿ ಅಂತ ತಂದಿದ್ದೇ ಆದ್ರೆ, ಇಲ್ಲಿನ ಎಷ್ಟೋ ಗ್ಯಾರೇಜುಗಳಲ್ಲಿ ಬಟ್ಟೆ ಒಣಗಿಸ್ತಿರೋ ಟ್ರೆಡ್‌ಮಿಲ್ಲುಗಳ ಸಾಲಿಗೆ ಅದೂ ಸೇರುತ್ತೆ.

ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳೋ ಪರೀಕ್ಷೆ. ಹಾಗಾಗಿ ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಕೊಡ್ತೀನಿ. ನಂಬರ್ ಏನೇ ಬರಲಿ, ಇಲ್ಲೇ ಬರೀತೀನಿ. ನಿಮ್ಮಲ್ಲಿ ಯಾರಾದ್ರೂ ಈ ಮೂರು ಗಾಲಿ ಓಡಿಸಿದ್ದೀರಾ? ಜಲ್ಲಿ ದಾರಿಗೆ ಗಾಳಿ ಟೈರಿನದು ಆಗುತ್ತಾ? ಗೊತ್ತಿದ್ರೆ ತಿಳಿಸಿ. ಹಾಂ, ಮೂವತ್ತರ ಆಸುಪಾಸಿನಲ್ಲಿದ್ದು ಇನ್ನೂ ರಕ್ತ ಪರೀಕ್ಷೆ ಮಾಡಿಸದೇ ಇದ್ರೆ, ಈ ವಾರವೇ ಮಾಡಿಸಿಬಿಡಿ ಸ್ವಾಮಿ.